ಆರನೇ ಮಹಡಿಯ ಹಲ್ಲು

ಏಪ್ರಿಲ್ಲಿನ ಒಂದು ಸೋಮವಾರ ನಮ್ಮ ಕಟ್ಟಡಕ್ಕೆ ಮುಖ ಬಂತು.
ಸೊಂಟಕ್ಕೆ ಹಗ್ಗ ಬಿಗಿದ ನಾಲ್ವರು ತಾರಸಿಯಿಂದ ಇಳಿಯುತ್ತ
ಹತ್ತು ಮಹಡಿಯಷ್ಟು ಉದ್ದದ ಒಬ್ಬ ಹೆಣ್ಣನ್ನು
ಹಣೆಯಿಂದ ಕೆಳಕ್ಕೆ ಸುರುಳಿ ಬಿಚ್ಚಿದರು.
ಸಂಜೆಯೊಳಗೆ ಅವಳು
ಬವೂತಿಯ ಬೀದಿಗಳಿಗೆಲ್ಲ ಹಲ್ಲು ಕಿರಿಯುತ್ತಿದ್ದಳು,
ಕೈಯಲ್ಲೊಂದು ಪೇಸ್ಟಿನ ಟ್ಯೂಬು.

ನಾವು ಒಳಗೆ.
ನಾನು ಅವಳ ಎಡಗಣ್ಣಿನ ಹಿಂದೆ, ಎಂಟನೇ ಮಹಡಿ.
ದೊರೋತಾಳ ಸಂಸಾರ ಮೂಗಿನ ಹೊಳ್ಳೆಯಲ್ಲಿ.
ಆರನೇ ಮಹಡಿಯ ಬೊಗುಮಿಲಾ,
ಎಂಬತ್ತೊಂದು ವರ್ಷ, ಬಾಯಲ್ಲಿ ಸ್ವಂತದ್ದು ಮೂರೇ ಹಲ್ಲು,
ಸರಿಯಾಗಿ ಮುಂದಿನ ಹಲ್ಲಿನ ಹಿಂದೆ.

ಸುಳ್ಳು ಹೇಳಲಾರೆ: ಸಭೆಯಲ್ಲಿ ನಾನೂ ಕೈ ಎತ್ತಿದವನೇ.
ನೆಲಮಾಳಿಗೆ, ಬಟ್ಟೆ ಒಣಗಿಸುವ ಕೋಣೆ,
ಯಾರದೋ ಕಾಲುಚೀಲ ನೆತ್ತಿಯ ಮೇಲೆ ತೊಟ್ಟಿಕ್ಕುತ್ತಿರಲು
ಖಜಾಂಚಿ ಇರೆನೆಯುಷ್ ಲೆಕ್ಕ ಓದಿದ:
ಹದಿನೆಂಟು ತಿಂಗಳ ಬಾಡಿಗೆ, ಅದರಲ್ಲಿ ಹೊಸ ಲಿಫ್ಟು.
ಹಳೆಯದು ಕ್ರಿಸ್‌ಮಸ್ಸಿನಿಂದ
ನಾಲ್ಕು ಮತ್ತು ಐದರ ನಡುವೆ ತ್ರಿಶಂಕು.
ಮೂವತ್ತೊಂದು ಕೈ ಮೇಲೆ, ಒಂಬತ್ತು ಕೆಳಗೆ.
ಬೊಗುಮಿಲಾಳ ಹೆಸರು ಹೇಳಿಯೇ ಮತ ಕೇಳಿದ್ದು:
ಪಾಪ, ತೊಂಬತ್ತಾರು ಮೆಟ್ಟಿಲು, ಆ ಮಂಡಿಗಳು.
ಅವಳನ್ನು ಮಾತ್ರ ಕೇಳಿರಲಿಲ್ಲ.

ನನಗಂತೂ ಮೊದಮೊದಲು ಹಿತವೇ ಆಯಿತು.
ಬೇಕರಿಯ ರಾತ್ರಿ ಪಾಳಿ ಮುಗಿಸಿ ಬಂದವನಿಗೆ
ಹಾಡಹಗಲೇ ಕತ್ತಲೆ.
ಆಮೇಲೆ ಗಾಳಿ ಬೀಸಿತು.
ಅವಳ ಕೆನ್ನೆ ಉಬ್ಬಿ ಗೋಡೆಗೆ ಬಡಿದು, ಉಬ್ಬಿ ಬಡಿದು,
ಇಡೀ ಮೇ ತಿಂಗಳು ಯಾರೋ ನೆನೆದ ಕಂಬಳಿ ಒಗೆದಂತೆ.
ಬಿಸಿಲಿಗೂ ಜರಡಿ: ಹಿಟ್ಟು ಬೀದಿಗೆ, ಬೂಸಾ ನಮಗೆ.
ದೊರೋತಾಳ ಮಗ ಕಯೆತಾನ್‌ಗೆ ಶಾಲೆಯಲ್ಲಿ ಆಕಾಶ ಬರೆ ಎಂದರೆ
ಹಾಳೆ ತುಂಬ ಚುಕ್ಕೆ ಇಟ್ಟು, ಮುಗಿಯಿತು ಎಂದ.
ನಕ್ಷತ್ರವೇನೋ? ಟೀಚರು ಕೇಳಿದರು.
ಅಲ್ಲ, ತೂತು.

ಜೂನಿನಲ್ಲಿ ಬ್ರೆಡ್ಡು ಕೊಡಲು ಹೋದಾಗ
ಬೊಗುಮಿಲಾ ಕಿಟಕಿಯಾಚೆ ಕೈ ಚಾಚಿ
ಆ ಬಟ್ಟೆಯನ್ನು ಎರಡು ಬೆರಳ ನಡುವೆ ಹೊಸೆಯುತ್ತಿದ್ದಳು.
ಮೂವತ್ತೆರಡು ವರ್ಷ ಮಗ್ಗದ ಮುಂದೆ ನಿಂತವಳು;
ವೂಚ್ ನಗರದ ಗಿರಣಿಗಳು ಒಂದೊಂದಾಗಿ ಬಾಯಿ ಮುಚ್ಚುವ ಮೊದಲೇ
ಅವಳ ಕಿವಿಗಳನ್ನು ತಿಂದು ತೇಗಿದ್ದವು.
ಮೂರು ಮಹಡಿಗೆ ಕೇಳುವಂತೆ ಹೇಳಿದಳು:
"ಹಾಸಿಲ್ಲ, ಹೊಕ್ಕಿಲ್ಲ. ಇದು ಬಟ್ಟೆಯಲ್ಲ, ಬಟ್ಟೆಯ ವೇಷ.
ಲಿಫ್ಟು ಯಾರಿಗಯ್ಯಾ? ನಾನು ಹೊರಗೆ ಹೋಗುವುದೇ ಈ ಕಿಟಕಿಯಿಂದ.
ಹತ್ತನೇ ನಂಬರಿನ ಟ್ರಾಮು ತಿರುಗುವ ತನಕ ಹೋಗುತ್ತೇನೆ,
ಚೆಸ್ಟ್‌ನಟ್ ಮರದ ಹತ್ತಿರ ಸುಧಾರಿಸಿಕೊಂಡು ಬರುತ್ತೇನೆ.
ಬಾಗಿಲಿಗೇ ಅಡ್ಡ ನಿಂತಿದ್ದಾಳೆ ಈ ಹಲ್ಲಿನ ಹೆಂಗಸು."

ಆ ರಾತ್ರಿ ಗಿರಣಿಯ ಕತ್ತರಿ ಪೆಟ್ಟಿಗೆಯಿಂದ ಎದ್ದಿತು.

ಬೆಳಗ್ಗೆ ಟ್ರಾಮಿನ ಜನ ಸೀಟು ಬಿಟ್ಟೆದ್ದು ನೋಡಿದರು:
ಚೆಲುವೆಯ ಮುಂದಿನ ಹಲ್ಲೊಂದು ಮಾಯ,
ಆ ಕಪ್ಪು ಕಿಂಡಿಯಲ್ಲಿ ಜೆರೇನಿಯಂ ಕುಂಡ,
ಪಕ್ಕದಲ್ಲಿ ಬಿಳಿತಲೆಯ ಒಬ್ಬಳು ಕಾಫಿ ಕುಡಿಯುತ್ತ.
ಗುರುವಾರದ ಹೊತ್ತಿಗೆ ಮೂಗಿನಿಂದ ಕಯೆತಾನ್ ಇಣುಕಿದ.
ಶನಿವಾರ, ಬ್ರೆಡ್ಡು ಕೊಯ್ಯುವ ಚಾಕು ಹಿಡಿದು,
ಎಡಗಣ್ಣು ನಾನೇ ತೆಗೆದೆ.

ಕಂಪನಿಯ ವಕೀಲ ತೊಂಬತ್ತಾರು ಮೆಟ್ಟಿಲು ಹತ್ತಿ ಬಂದು
ಕತ್ತರಿಸಿದ್ದು ಯಾರು ಎಂದು ಏದುಸಿರಲ್ಲಿ ಕೇಳಿದ.
ಅವಳಿಗೆ ಕೇಳಿಸಲಿಲ್ಲ.
ಕೇಳಿಸಿದ ನಾವೆಲ್ಲ ಕಿವುಡರಾದೆವು.
ಕಾನೂನು ಗೆಲ್ಲಲಿಲ್ಲ, ನಾವೂ ಗೆದ್ದೆವು ಅನ್ನುವಂತಿಲ್ಲ;
ಹಲ್ಲು ಬಿದ್ದವಳ ಕೈಲಿ ಪೇಸ್ಟು ಮಾರಿಸಲಾಗದು, ಅಷ್ಟೇ.
ಆಗಸ್ಟಿನಲ್ಲಿ ಸುರುಳಿ ಸುತ್ತಿಕೊಂಡು ಹೋದರು.

ಲಿಫ್ಟು ಈಗಲೂ ನಾಲ್ಕು ಮತ್ತು ಐದರ ನಡುವೆಯೇ.
ಇರೆನೆಯುಷ್ ನನ್ನೊಡನೆ ಮಾತು ಬಿಟ್ಟಿದ್ದಾನೆ;
ಅವನ ಹೆಂಡತಿ ತುಂಬಿದ ಬಸುರಿ, ಒಂಬತ್ತನೇ ಮಹಡಿ,
ಅವನ ಸಿಟ್ಟಿಗೆ ನನ್ನಲ್ಲಿ ಉತ್ತರವಿಲ್ಲ.
ಆ ಹಲ್ಲು ಬೊಗುಮಿಲಾಳ ಬಾಲ್ಕನಿಯಲ್ಲಿದೆ,
ಉಪ್ಪುನೀರಿನ ಸೌತೆಕಾಯಿ ಜಾಡಿಯ ಬಾಯಿಗೆ ಬಿಗಿದು.

ಬೆಳಗಿನ ಬ್ರೆಡ್ಡು ಹಿಡಿದು
ಅರವತ್ತನೇ ಮೆಟ್ಟಿಲಲ್ಲಿ ನಿಂತು ಉಸಿರೆಳೆದುಕೊಳ್ಳುತ್ತೇನೆ.
ಮೇಲೆ ಬಾಗಿಲು ತೆರೆದೇ ಇರುತ್ತದೆ.
ಅವಳು ತಿರುಗುವುದಿಲ್ಲ.
ಟ್ರಾಮು ತಿರುಗುತ್ತಿರುತ್ತದೆ.